ಮೈಮೇಲಿನ ಹೊಗೆ, ಮೈಮೇಲಿನ ಮಣ್ಣು

ಬೇಸಿಗೆ ಬಂತೆಂದರೆ ರಾಯಚೂರಿನಲ್ಲಿ ಕೂಲರುಗಳ ಹಳೆಯ ಹುಲ್ಲು ಕಿತ್ತು ಹೊಸದು ತುಂಬುವ ಕೆಲಸ ಶುರುವಾಗುತ್ತದೆ. ಕೈಯಲ್ಲಿ ನಾಲ್ಕು ಕಾಸು ಹೆಚ್ಚಿದ್ದವರು ಸಾದಾ ಹುಲ್ಲಿನ ಬದಲು ಲಾವಂಚ ಹಾಕಿಸುತ್ತಾರೆ. ಅಂಗಡಿಯಲ್ಲಿ ಅದನ್ನು ಖಸ್ ಎಂದು ಕೇಳುವುದೇ ರೂಢಿ. ನೀರು ಸೋಕಿದೊಡನೆ ಆ ಬೇರು ಬಿಡುವ ವಾಸನೆಯನ್ನು ಬಿಡಿಸಿ ನೋಡಿದರೆ ಅದರಲ್ಲಿರುವುದು ಒದ್ದೆ ಮಣ್ಣು, ಒಣ ಕಟ್ಟಿಗೆ, ಹಿಂದೆಲ್ಲೋ ಆರಿದ ಒಲೆಯಂಥ ಒಂದೆಳೆ ಹೊಗೆ. ಹೂವಿನ ಸುಳಿವಿಲ್ಲ, ಸಿಹಿಯ ಸುಳಿವಿಲ್ಲ. ಆದರೂ ಮನೆಯಲ್ಲಿ ಒಬ್ಬರೂ ಮೂಗು ಮುರಿಯುವುದಿಲ್ಲ, ತಂಪು ಎಂದು ಹತ್ತಿರ ಸರಿದು ಕೂರುತ್ತಾರೆ. ಅದೇ ಬೇರಿನ ಎಣ್ಣೆಯನ್ನು ಲೋಬಾನದ ಹೊಗೆ, ಅಗರು, ಸುಟ್ಟ ಮಣ್ಣಿನ ಸಾರದ ಜತೆ ಬೆರೆಸಿ, ಪುಟ್ಟ ಸೀಸೆಯಲ್ಲಿಟ್ಟು, ಒಂದು ಹನಿ ಮಣಿಕಟ್ಟಿಗೆ ಹಚ್ಚಿದರೆ ಮಾತು ಬೇರೆಯಾಗುತ್ತದೆ. ಕಮರು ವಾಸನೆ ಎನ್ನುವವರು, ದವಾಖಾನೆಯ ನೆನಪು ಬಂತು ಎನ್ನುವವರು, ಕೈ ತೊಳೆಯಲು ನೀರು ಹುಡುಕುವವರು ಹೊರಡುತ್ತಾರೆ. ಹೊಗೆ ಮತ್ತು ಮಣ್ಣಿನ ಸುಗಂಧಗಳನ್ನು ‘ಕಷ್ಟದವು’ ಎಂದು ವರ್ಗೀಕರಿಸುವ ಅಭ್ಯಾಸ ಲೋಕದ ಸುಗಂಧಪ್ರಿಯರಲ್ಲೆಲ್ಲ ಇದೆ. ಆದರೆ ಆ ಕಷ್ಟ ವಾಸನೆಯಲ್ಲಿ ಹುಟ್ಟುವುದಲ್ಲ, ವಾಸನೆ ಕೂತ ಜಾಗದಲ್ಲಿ ಹುಟ್ಟುವುದು ಎಂಬುದು ಈ ಲೇಖನದ ವಾದ. ಕೋಣೆಯಲ್ಲಿ, ಗಾಳಿಯಲ್ಲಿ, ದೇವರ ಮುಂದೆ ನಾವು ಸಂತೋಷದಿಂದ ಒಪ್ಪಿಕೊಂಡದ್ದನ್ನು ಚರ್ಮದ ಮೇಲೆ ಒಪ್ಪಿಕೊಳ್ಳಲು ಹಿಂಜರಿಯುತ್ತೇವೆ. ಈ ಹಿಂಜರಿಕೆ ಅನಾದಿಯದಲ್ಲ, ಅದರಲ್ಲೂ ಕೃಷ್ಣಾ ತುಂಗಭದ್ರೆಯರ ನಡುವಿನ ಈ ನಾಡಿನಲ್ಲಿ.

ಇಂಥ ಸುಗಂಧದೊಳಗೆ ಏನಿರುತ್ತದೆ ಎಂಬುದನ್ನು ಮೊದಲು ನೋಡಬೇಕು, ಯಾಕೆಂದರೆ ಅದರ ಸಾಮಾನುಗಳಲ್ಲಿ ಅರ್ಧಕ್ಕರ್ಧ ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿಯ ರೈತರಿಗೆ ಪರಿಚಯದವೇ. ಸುಗಂಧದ ವ್ಯಾಪಾರದಲ್ಲಿ ನಾಗರ್‌ಮೋಥಾ ಎಂದು ಮಾರಾಟವಾಗುವ ಎಣ್ಣೆ ಒಂದು ಹುಲ್ಲಿನ ಗಡ್ಡೆಯದು; ಕಾಲುವೆ ನೀರಿನ ಹೊಲಗಳಲ್ಲಿ ಎಷ್ಟು ಕಿತ್ತರೂ ತೀರದ ಜೇಕಿನ ಹತ್ತಿರದ ಬಂಧು ಅದು. ರೈತ ಶಪಿಸುತ್ತ ಕಿತ್ತೆಸೆಯುವ ಗಡ್ಡೆಯ ವಂಶದವನೊಬ್ಬ ಸುಗಂಧದ ಅಂಗಡಿಯಲ್ಲಿ ಗೌರವದಿಂದ ಕೂತಿದ್ದಾನೆ. ಮಣ್ಣಿನ ಅತ್ತರಿಗೆ ಹೆಸರಾದ ಊರು ಉತ್ತರ ಪ್ರದೇಶದ ಕನೌಜ್. ಅಲ್ಲಿ ಸುಟ್ಟ ಮಣ್ಣಿನ ಬಿಲ್ಲೆಗಳನ್ನು ತಾಮ್ರದ ಹಂಡೆಯಲ್ಲಿ ನೀರಿನೊಂದಿಗೆ ಕಾಯಿಸಿ, ಏಳುವ ಉಗಿಯನ್ನು ಗಂಧದೆಣ್ಣೆಯಿರುವ ಪಾತ್ರೆಗೆ ಇಳಿಸುತ್ತಾರೆ. 1964ರಲ್ಲಿ ಆಸ್ಟ್ರೇಲಿಯಾದ ಇಸಾಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ವಿಜ್ಞಾನಿಗಳು ಒಣ ನೆಲಕ್ಕೆ ಮಳೆ ಬಿದ್ದಾಗಿನ ಪರಿಮಳದ ಮೂಲ ಹುಡುಕಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಭಾರತದ ಅತ್ತರುಗಾರರು ಇದನ್ನು ಮೊದಲೇ ಸೀಸೆಗೆ ಇಳಿಸಿದ್ದಾರೆಂಬುದು ಅವರ ಬರಹದಲ್ಲೇ ಇದೆ. ಮರುವರ್ಷ ಮಣ್ಣಿನ ವಾಸನೆಯ ಮುಖ್ಯ ಅಣು ಜಿಯೋಸ್ಮಿನ್ ಗುರುತಾಯಿತು. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಜಾತಿಯ ಸೂಕ್ಷ್ಮಜೀವಿಗಳು ಇದನ್ನು ತಯಾರಿಸುತ್ತವೆ. ನೀರಿನಲ್ಲಿ ಲಕ್ಷ ಕೋಟಿಗೆ ಕೆಲವೇ ಪಾಲು ಇದ್ದರೂ ಮನುಷ್ಯರ ಮೂಗು ಅದನ್ನು ಹಿಡಿಯುತ್ತದೆ. ಬೇಸಿಗೆಯಲ್ಲಿ ಕಾಲು ಹೂತುಹೋಗುವಷ್ಟು ಬಿರಿಯುವ ಎರೆ ಹೊಲ, ಅದರ ಪಕ್ಕದ ಕೆಂಪು ಮಸಾರಿ, ರೋಹಿಣಿ ಮಳೆಯ ಮೊದಲ ಹನಿಗೆ ಬಾಯಿ ಬಿಟ್ಟಾಗ ಊರೆಲ್ಲ ಮೂಗರಳಿಸುವುದು ಈ ಅಣುವಿಗೆ. ಇನ್ನು ಹೊಗೆ. ಕಟ್ಟಿಗೆಯ ಗಟ್ಟಿತನಕ್ಕೆ ಕಾರಣವಾದ ಲಿಗ್ನಿನ್ ಬೆಂಕಿಯಲ್ಲಿ ಒಡೆದಾಗ ಗ್ವಾಯಕೋಲ್, ಸಿರಿಂಗೋಲ್, ಕ್ರೆಸೋಲ್ ಎಂಬ ಅಣುಗಳು ಹೊರಬೀಳುತ್ತವೆ. ಹತ್ತಿ ಕಟ್ಟಿಗೆ ಉರಿಸುವ ಒಲೆಯಲ್ಲೂ, ಹುರಿದ ಕಾಫಿಬೀಜದಲ್ಲೂ, ದುಬಾರಿ ಸುಗಂಧದಲ್ಲೂ ಇವು ಒಂದೇ ಕುಲದವು. ಲೋಬಾನವನ್ನು ಮುಚ್ಚಿದ ಮಡಕೆಯಲ್ಲಿ ಸುಟ್ಟು ಅದರ ಹೊಗೆಯನ್ನೇ ಎಣ್ಣೆಯಾಗಿ ಹಿಡಿಯುವ ಚೋಯಾ ಎಂಬ ವಿಧಾನವೂ ನಮ್ಮ ದೇಶದ್ದೇ.

ಈ ಎಲ್ಲ ಅಣುಗಳಿಗೂ ಒಂದೇ ವೇಗವಿಲ್ಲ, ಚರ್ಮದ ಮೇಲಿನ ಕಥೆ ಶುರುವಾಗುವುದು ಅಲ್ಲಿಂದ. ಹಗುರಾದವು ನಿಮಿಷಗಳಲ್ಲಿ ಹಾರಿಹೋಗುತ್ತವೆ, ಭಾರವಾದವು ಗಂಟೆಗಟ್ಟಲೆ ಕೂರುತ್ತವೆ. ಹೊಗೆಯ ಗ್ವಾಯಕೋಲ್‌ನಂಥವು ಮೊದಲು ಮುನ್ನುಗ್ಗುವುದರಿಂದ ಸೀಸೆಯ ಮುಚ್ಚಳ ತೆಗೆದ ಕೂಡಲೇ ನಮಗೆ ಸಿಗುವುದು ಅತಿ ಒರಟಾದ ಮುಖ: ಟಾರು, ಔಷಧಿ, ಸೀದ ಕಟ್ಟಿಗೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅದು ಬೂದಿಯಾಗುತ್ತದೆ, ಬೂದಿಯ ಕೆಳಗಿನಿಂದ ಬೇರು ಮತ್ತು ಮಣ್ಣು ಏಳುತ್ತವೆ. ಮೂರು ನಾಲ್ಕು ಗಂಟೆಯ ಮೇಲೆ ಉಳಿಯುವುದು ಲೋಬಾನದ ಮೆತ್ತನೆಯ ಸಿಹಿ, ಗಂಧ, ಲಾವಂಚದ ಒಣ ಕಂಪು. ಅಂಗಡಿಯಲ್ಲಿ ಕಾಗದದ ಪಟ್ಟಿಗೆ ಹಚ್ಚಿ ಮೂಸಿ ಅಲ್ಲೇ ತೀರ್ಪು ಕೊಡುವವರು ಮೊದಲ ಹತ್ತು ನಿಮಿಷದ ಸುಗಂಧವನ್ನಷ್ಟೇ ಕಂಡಿರುತ್ತಾರೆ. ಮೈಯ ಶಾಖ ಈ ಬಿಡುಗಡೆಯ ವೇಗವನ್ನು ನಿರ್ಧರಿಸುತ್ತದೆ. ಸಾಮಾನ್ಯ ಹವೆಯಲ್ಲಿ ಚರ್ಮದ ಮೇಲ್ಮೈ 32ರಿಂದ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ, ಕಾಗದಕ್ಕಿಂತ ಬೆಚ್ಚಗೆ. ಆದರೆ ಯುರೋಪಿನ ಕೈಪಿಡಿಗಳ ಈ ಲೆಕ್ಕ ರಾಯಚೂರಿನ ಮೇ ತಿಂಗಳಿಗೆ ತಲೆಕೆಳಗಾಗುತ್ತದೆ. 40 ಡಿಗ್ರಿ ದಾಟಿದ ಮಧ್ಯಾಹ್ನ ಗಾಳಿಯೇ ಮೈಗಿಂತ ಬಿಸಿ. ಸ್ಪಿರಿಟ್ಟಿನಲ್ಲಿ ಕಲೆಸಿದ ಸುಗಂಧ ಸಿಂಪಡಿಸಿದರೆ ಅದರ ಒರಟು ಮುಖ ಒಂದೇ ಏಟಿಗೆ ಬೀದಿಯಗಲ ಹರಡುತ್ತದೆ, ಆಮೇಲೆ ಬೇಗ ಬರಿದಾಗುತ್ತದೆ. ಎಣ್ಣೆಯಲ್ಲಿರುವ ಅತ್ತರ್ ಹಾಗಲ್ಲ, ಗಂಧದೆಣ್ಣೆ ಇತರ ಅಣುಗಳನ್ನು ಹಿಡಿದು ಹಿಡಿದು ಬಿಡುತ್ತದೆ. ಅತ್ತರಿನಲ್ಲಿ ಅದ್ದಿದ ಹತ್ತಿಯ ಎಳೆಯನ್ನು ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುವ ಹಿರಿಯರ ಕ್ರಮ ಇನ್ನೂ ಜಾಣತನದ್ದು: ಮೈಗೆ ಹತ್ತಿರ, ಆದರೆ ಚರ್ಮದ ಬೆವರಿನಿಂದ ದೂರ. ಬಿಸಿ ಒಣನೆಲದಲ್ಲಿ ಭಾರದ ಸುಗಂಧ ಧರಿಸುವುದು ಹೇಗೆಂಬ ಪ್ರಶ್ನೆಗೆ ಹತ್ತಿ ಬೆಳೆಯುವ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಉತ್ತರ ಬೇಕೇ?

ಚರ್ಮ ಸುಗಂಧವನ್ನು ಬದಲಿಸುತ್ತದೆ ಎಂಬ ಮಾತಿನಲ್ಲಿ ಅತಿಶಯವೂ ಇದೆ. ಒಬ್ಬೊಬ್ಬರ ಚರ್ಮದ ಆಮ್ಲೀಯತೆಗೆ ತಕ್ಕಂತೆ ಪರಿಮಳವೇ ಬೇರೆಯಾಗುತ್ತದೆ ಎಂದು ಮಾರಾಟಗಾರರು ಹೇಳುವುದಕ್ಕೆ ಗಟ್ಟಿ ಆಧಾರ ಕಡಿಮೆ. ಶಾಖ, ಚರ್ಮದ ಜಿಡ್ಡು, ಒಣಗಿದ ಪ್ರಮಾಣ ಇವೇ ಹೆಚ್ಚು ಕೆಲಸ ಮಾಡುವುದು. ಆದರೆ ಮೈಗೆ ತನ್ನದೇ ವಾಸನೆ ಇದೆಯಲ್ಲ, ಅದರೊಂದಿಗೆ ಸುಗಂಧ ಬೆರೆಯುವುದು ಮಾತ್ರ ನಿಜ. ಚೆಕ್ ದೇಶದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಜನ ತಾವೇ ಆರಿಸಿಕೊಂಡ ಸುಗಂಧ ಅವರ ಮೈವಾಸನೆಯೊಂದಿಗೆ ಬೆರೆತಾಗ, ಇನ್ನೊಬ್ಬರು ಆರಿಸಿ ಕೊಟ್ಟ ಸುಗಂಧ ಬೆರೆತದ್ದಕ್ಕಿಂತ ಹಿತವಾಗಿದೆ ಎಂಬ ಅಂಕ ಬಂತು. ಬರೀ ಸೀಸೆಯ ಸುಗಂಧಗಳನ್ನು ಹೋಲಿಸಿದಾಗ ಆ ವ್ಯತ್ಯಾಸ ಕಾಣಲಿಲ್ಲ. ಅಂದರೆ ತೀರ್ಪು ನಡೆಯಬೇಕಾದ ಜಾಗ ಮೈಯೇ. ಮೂಗುಗಳೂ ಸಮನಲ್ಲ. ಜೇಕಿನ ಗಡ್ಡೆಯ ಶಾಸ್ತ್ರೀಯ ಹೆಸರಿನಿಂದಲೇ ಹೆಸರು ಪಡೆದ ರೋಟಂಡೋನ್ ಎಂಬ ಅಣು ಇದೆ. ಕಾಳುಮೆಣಸಿನ ಘಾಟು ವಾಸನೆ ಅದರದ್ದೇ ಎಂದು 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ತೋರಿಸಿದರು. ಮೂಸಿ ನೋಡಲು ಕೂತವರಲ್ಲಿ ಬಹುಪಾಲು ಮಂದಿಗೆ ಅದು ಅತ್ಯಲ್ಪ ಪ್ರಮಾಣದಲ್ಲೂ ಗೊತ್ತಾಯಿತು, ಸುಮಾರು ಶೇಕಡ 20 ಜನಕ್ಕೆ ಪರೀಕ್ಷೆಯ ಅತಿ ಹೆಚ್ಚಿನ ಪ್ರಮಾಣದಲ್ಲೂ ಗೊತ್ತಾಗಲೇ ಇಲ್ಲ. ಒಂದೇ ಹನಿ ಅತ್ತರ್ ಇಬ್ಬರು ಮೂಸಿದಾಗ ಒಬ್ಬರಿಗೆ ಇರುವ ಘಾಟು ಇನ್ನೊಬ್ಬರಿಗೆ ಇಲ್ಲವೇ ಇಲ್ಲ. ‘ನಿನಗೆ ರುಚಿ ಇಲ್ಲ’ ಎಂದು ಜಗಳವಾಡುವವರು ಇದನ್ನು ನೆನಪಿಡಬೇಕು.

ಇಲ್ಲೊಂದು ಬಲವಾದ ಆಕ್ಷೇಪಕ್ಕೆ ಉತ್ತರಿಸಬೇಕು. ವಾಸನೆಯ ಇಷ್ಟಾನಿಷ್ಟ ಜಾಗದಿಂದ, ಅಭ್ಯಾಸದಿಂದ ಬರುತ್ತದೆ ಎಂಬ ವಾದವನ್ನು 2022ರ ಒಂದು ಅಧ್ಯಯನ ಅಲುಗಿಸುತ್ತದೆ. ಕಾಡಿನ ಬೇಟೆಗಾರ ಸಮುದಾಯಗಳಿಂದ ಹಿಡಿದು ಮಹಾನಗರಗಳವರೆಗೆ, ಬೇರೆ ಬೇರೆ ಸಂಸ್ಕೃತಿಗಳ 225 ಜನರಿಗೆ ಅವೇ ವಾಸನೆಗಳನ್ನು ಕೊಟ್ಟು ಇಷ್ಟದ ಕ್ರಮದಲ್ಲಿ ಜೋಡಿಸಲು ಹೇಳಿದಾಗ, ಸಂಸ್ಕೃತಿಯ ಪಾಲು ಕೇವಲ ಶೇಕಡ 6 ಎಂದು ಕಂಡುಬಂತು. ಅಣುವಿನ ಗುಣಕ್ಕೆ ಶೇಕಡ 41, ವ್ಯಕ್ತಿಯ ಸ್ವಂತ ಒಲವಿಗೆ ಶೇಕಡ 54. ಹಾಗಾದರೆ ಹೊಗೆಯ ಸುಗಂಧ ಕೆಲವರಿಗೆ ಹಿಡಿಸದಿರುವುದು ಮೂಗಿನ ಹುಟ್ಟುಗುಣ, ರಾಯಚೂರಿನ ಚರಿತ್ರೆಯನ್ನು ಇದರಲ್ಲಿ ಎಳೆದು ತರುವುದೇಕೆ ಎನ್ನಬಹುದು. ಆ ಅಧ್ಯಯನದಲ್ಲಿ ಜನ ಮೂಸಿದ್ದು ಬಿಡಿಬಿಡಿ ಅಣುಗಳನ್ನು, ಸಂದರ್ಭ ಹೆಸರು ಏನೂ ಇಲ್ಲದೆ. ಬದುಕಿನಲ್ಲಿ ನಾವು ಹಾಗೆ ಮೂಸುವುದೇ ಇಲ್ಲ. ಅಮೆರಿಕದ ರೇಚೆಲ್ ಹರ್ಟ್ಸ್ ಮತ್ತು ಸಂಗಡಿಗರು 2001ರಲ್ಲಿ ಒಂದೇ ಮಿಶ್ರಣಕ್ಕೆ ಒಮ್ಮೆ ಚೀಸ್ ಎಂದೂ ಒಮ್ಮೆ ವಾಂತಿ ಎಂದೂ ಹೆಸರಿಟ್ಟು ಕೊಟ್ಟಾಗ ಅದೇ ಜನ ಅದನ್ನು ಒಮ್ಮೆ ಮೆಚ್ಚಿ ಒಮ್ಮೆ ಹೇಸಿದರು. ನಮ್ಮ ಕೂಲರಿನ ಲಾವಂಚಕ್ಕೆ ‘ತಂಪು’ ಎಂಬ ಹೆಸರಿದೆ. ಮಣಿಕಟ್ಟಿನ ಲಾವಂಚಕ್ಕೆ ಹೆಸರಿಲ್ಲ, ಆದ್ದರಿಂದ ಅದು ಕಮರು. ಅಣು ಎರಡೂ ಕಡೆ ಅದೇ ಇರುವಾಗ ಬದಲಾದ ತೀರ್ಪಿಗೆ ಅಣುವನ್ನು ಹೊಣೆ ಮಾಡಲಾಗದು.

ಮೈಗೆ ಹೊಗೆ ಹೊಸತೇನಲ್ಲ ಎಂಬುದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ, 11ನೇ ಶತಮಾನದ ಮೊದಲರ್ಧದಲ್ಲಿ, ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ ನೆಲದಡಿಯ ನೀರು ಹುಡುಕುವುದು, ಮರ ಬೆಳೆಸುವುದು, ಅಡುಗೆ, ವೈದ್ಯಗಳ ನಡುವೆ ಸುಗಂಧದ ತಯಾರಿಕೆಗೂ ಜಾಗ ಕೊಟ್ಟಿದೆ. ಲೋಕದ ಸಾಮಾನ್ಯ ಜನಕ್ಕೆ ಉಪಯೋಗವಾಗುವ ವಿದ್ಯೆ ಎಂಬ ಪಟ್ಟಿಯಲ್ಲಿ ಅದು ಸೇರಿದ್ದನ್ನು ಗಮನಿಸಬೇಕು. ಅದೇ ವಂಶದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ 12ನೇ ಶತಮಾನದ್ದು. ಅರಸನ ಭೋಗಗಳನ್ನು ಅದು ಎಣಿಸುವಾಗ ಮೈಗೆ ಲೇಪ ಹಚ್ಚುವ ವಿಲೇಪನವನ್ನೂ ಧೂಪವನ್ನೂ ಬೇರೆ ಬೇರೆ ಭೋಗಗಳೆಂದು ಹೇಳುತ್ತದೆ. ಹೊಗೆ ಆಗ ಪೂಜೆಯ ಸಾಮಗ್ರಿ ಮಾತ್ರವಾಗಿರಲಿಲ್ಲ, ಅನುಭವಿಸಬೇಕಾದ ಸುಖವೂ ಆಗಿತ್ತು. ರಾಯಚೂರು ಬಿಜಾಪುರದ ಕೈಯಲ್ಲಿದ್ದ ಕಾಲದಲ್ಲಿ, 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹನಿಗಾಗಿ ‘ಇತ್ರ್-ಎ-ನೌರಸ್ ಶಾಹಿ’ ಎಂಬ ಸುಗಂಧದ ಗ್ರಂಥವೇ ರಚನೆಯಾಯಿತು. ಅರಮನೆಯ ಮಾತು ಬಿಡಿ, ಬಡವರ ಮನೆಯ ಮಾತು ಇನ್ನೂ ಗಟ್ಟಿ. ಬಾಣಂತಿಗೆ ಎಣ್ಣೆ ನೀರು ಹಾಕಿದ ಮೇಲೆ ಅಗ್ಗಿಷ್ಟಿಕೆಯ ಕೆಂಡಕ್ಕೆ ಲೋಬಾನ ಉದುರಿಸಿ ಕೂದಲಿಗೆ ಹೊಗೆ ಹಿಡಿಯುತ್ತಾರೆ, ಕೂಸನ್ನು ಅದೇ ಹೊಗೆಯ ಮೇಲೆ ಆಡಿಸುತ್ತಾರೆ. ಈ ಸೀಮೆಯ ಎಷ್ಟೋ ಜನರ ಚರ್ಮಕ್ಕೆ ಹತ್ತಿದ ಮೊದಲ ಪರಿಮಳ ಮಲ್ಲಿಗೆಯದಲ್ಲ, ಪೌಡರಿನದಲ್ಲ, ಹೊಗೆಯದು.

ಇನ್ನೂ ಹತ್ತಿರದ ಸಾಕ್ಷಿ ಹಣೆಯ ಮೇಲಿದೆ. ಲಿಂಗಾಯತರ ಮನೆಯಲ್ಲಿ ಬೆಳಗಾದರೆ ಹಣೆಗೆ ಏರುವ ವಿಭೂತಿ ಸುಟ್ಟ ಸಗಣಿಯ ಬೂದಿ. ‘ಹರಿಕಥಾಮೃತಸಾರ’ದ ಕರ್ತೃ ಜಗನ್ನಾಥದಾಸರಿಂದ ಹೆಸರಾದ ಮಾನ್ವಿಯಲ್ಲಿ ಮಾಧ್ವರು ಹಚ್ಚಿಕೊಳ್ಳುವ ಗೋಪೀಚಂದನ ಒಂದು ಬಗೆಯ ಜೇಡಿಮಣ್ಣು, ಅದರ ನಡುವಿನ ಕಪ್ಪು ಗೆರೆಯ ಅಂಗಾರ ಧೂಪದ ಇದ್ದಿಲು. ಬೂದಿ, ಮಣ್ಣು, ಇದ್ದಿಲು! ದುಬಾರಿ ಸುಗಂಧದ ಜಾಹೀರಾತು ಬರೆಯುವವರು ಹೆಮ್ಮೆಯಿಂದ ಪಟ್ಟಿ ಮಾಡುವ ಮೂರೂ ಸಾಮಾನು ಇಲ್ಲಿ ದಿನಾ ಚರ್ಮದ ಮೇಲಿವೆ. ಇವು ಗುರುತುಗಳು, ಪರಿಮಳಕ್ಕಾಗಿ ಹಚ್ಚಿದವಲ್ಲ, ಮೂಗಿಗೆ ಅಷ್ಟಾಗಿ ತಾಕುವುದೂ ಇಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಕು. ಆದರೆ ಸುಟ್ಟದ್ದು, ನೆಲದ್ದು ಮೈಮೇಲೆ ಇರಬಾರದೆಂಬ ನಿಷೇಧ ಇಲ್ಲಿನ ಜನರಲ್ಲಿ ಎಂದೂ ಇರಲಿಲ್ಲ ಎನ್ನಲು ಇಷ್ಟು ಸಾಕು. ನಿಷೇಧ ಬಂದದ್ದು ಈಚೆಗೆ, ಶುಚಿತ್ವದ ಹೊಸ ವಾಸನೆಗಳ ಬೆನ್ನಿಗೆ. ಮೈಸೂರು ಸಂಸ್ಥಾನದಲ್ಲಿ 1916ರಲ್ಲಿ ಶುರುವಾದ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆಯ ಎಣ್ಣೆ ಕೆಲವೇ ವರ್ಷಗಳಲ್ಲಿ ಸಾಬೂನಿಗೂ ಇಳಿಯಿತು. ಆಮೇಲೆ ಮಲ್ಲಿಗೆ, ಗುಲಾಬಿ, ನಿಂಬೆಯ ಸಾಬೂನು, ಪೌಡರು, ಈಗ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲೂ ಸಿಗುವ ಡಿಯೋಡರಂಟು. ಇವೆಲ್ಲ ಸೇರಿ ಒಂದು ಪಾಠ ಕಲಿಸಿದವು: ಸುಗಂಧ ಎಂದರೆ ಮೈಯಿಂದ ಒಲೆಯನ್ನೂ ಹೊಲವನ್ನೂ ಅಳಿಸುವ ವಸ್ತು. ಆ ಪಾಠ ಕಲಿತ ಮೂಗಿಗೆ ಒಲೆ ಹೊಲಗಳನ್ನೇ ಮೈಗೆ ತರುವ ಸುಗಂಧ ಗೊಂದಲ ಹುಟ್ಟಿಸದೆ ಇರುತ್ತದೆಯೆ?

ಇನ್ನೊಂದು ಗಂಟೂ ಇದೆ, ಅದನ್ನು ಮೆಲ್ಲಗೆ ಬಿಡಿಸಬೇಕು. ಅತ್ತರ್, ಲೋಬಾನ ಎಂದರೆ ಮುಸ್ಲಿಮರದ್ದು, ಸಾಂಬ್ರಾಣಿ, ಧೂಪ ಎಂದರೆ ಹಿಂದೂಗಳದ್ದು ಎಂಬ ವಿಂಗಡಣೆ ಕೆಲವರ ತಲೆಯಲ್ಲಿದೆ. ಸುಗಂಧ ಹಿಡಿಸದಿರುವುದಕ್ಕೆ ಒಮ್ಮೊಮ್ಮೆ ಇದೂ ಬಾಯಿಬಿಡದ ಕಾರಣ. ನಮ್ಮ ಸಂತೆಯಲ್ಲಿ ಲೋಬಾನ, ಸಾಂಬ್ರಾಣಿ ಎಂಬ ಎರಡು ಹೆಸರಿನಲ್ಲಿ ಸಿಗುವುದು ಹೆಚ್ಚುಪಾಲು ಒಂದೇ ಮರಕುಲದ ಅಂಟು. ಮುದಗಲ್ಲಿನ ಮೊಹರಂ ಈ ಜಿಲ್ಲೆಯ ಎಲ್ಲ ಜಾತಿಯವರನ್ನೂ ಸೇರಿಸುವ ಹಬ್ಬ; ಹಳ್ಳಿಹಳ್ಳಿಯ ಅಲಾಯಿ ಕುಣಿಯ ಸುತ್ತ ಊದು ಹಾಕುವ ಕೈಗಳು ಯಾವ ಮನೆಯವೆಂದು ಹೊಗೆ ನೋಡಿ ಹೇಳಲಾಗದು.

ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ ದೇವದುರ್ಗದ ಕಡೆಯಿಂದ ಬರಬೇಕು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಇಟ್ಟ ತಾಲ್ಲೂಕು ಅದು. ಮಳೆ ಕೈಕೊಟ್ಟ ವರ್ಷ ಅಲ್ಲಿನ ಕುಟುಂಬಗಳು ಗುಳೆ ಹೊರಟು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಸೇರುವುದು ಸುದ್ದಿಯೇ ಅಲ್ಲದಷ್ಟು ಹಳೆಯದು. ಸಿಲಿಂಡರ್ ಬಂದರೂ ತುಂಬಿಸಲು ದುಡ್ಡಿಲ್ಲದ ಮನೆಯಲ್ಲಿ ಕುಳ್ಳು, ಹತ್ತಿ ಕಟ್ಟಿಗೆಯ ಹೊಗೆ ಸೀರೆಗೆ, ಕೂದಲಿಗೆ, ಎದೆಯೊಳಗೆ ಇಳಿಯುತ್ತದೆ. ಹೊಲದ ಮಣ್ಣು ಉಗುರಿನ ಸಂದಿಯಿಂದ ಹೋಗುವುದಿಲ್ಲ. ಆ ವಾಸನೆಯಿಂದಲೇ ಬಸ್ಸಿನಲ್ಲಿ ಪಕ್ಕದವರು ಸರಿದು ಕೂರುವುದನ್ನು ಕಂಡವರಿಗೆ, ಅದೇ ಹೊಗೆ, ಅದೇ ಮಣ್ಣು ಸಾವಿರಾರು ರೂಪಾಯಿಯ ಸೀಸೆಯಾಗಿ ರಸಿಕತೆ ಎನಿಸಿಕೊಳ್ಳುವುದು ಅಣಕವಲ್ಲವೆ? 1985ರಿಂದ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿಯುತ್ತಿದೆ. ಅದರ ಬೂದಿಯ ಪಕ್ಕದಲ್ಲಿ ಬದುಕುವವರ ಮುಂದೆ ನಿಂತು ಹೊಗೆಯ ಸೌಂದರ್ಯದ ಪಾಠ ಹೇಳುವ ಧೈರ್ಯ ಯಾರಿಗಿದೆ? ಈ ಆಕ್ಷೇಪಕ್ಕೆ ಅರ್ಧ ಸೋಲೊಪ್ಪದೆ ಮುಂದೆ ಹೋಗುವುದು ಅಪ್ರಾಮಾಣಿಕ. ಆರಿಸಿಕೊಂಡ ಹೊಗೆ ಬೇರೆ, ತಪ್ಪಿಸಿಕೊಳ್ಳಲಾಗದ ಹೊಗೆ ಬೇರೆ. ಮೊದಲನೆಯದನ್ನು ಹೊಗಳುವವರು ಎರಡನೆಯದನ್ನು ಮರೆತರೆ ಅವರ ಮೂಗು ಎಷ್ಟೇ ಸೂಕ್ಷ್ಮವಾಗಿದ್ದರೂ ಕಣ್ಣು ಮಂದ ಎನ್ನಬೇಕಾಗುತ್ತದೆ.

ಆದರೂ ಆಕ್ಷೇಪದ ಉಳಿದರ್ಧ ನನ್ನ ವಾದಕ್ಕೇ ಬಲ ಕೊಡುತ್ತದೆ. ಬಸ್ಸಿನಲ್ಲಿ ಸರಿದು ಕೂತವರಿಗೆ ಮಣ್ಣಿನ ವಾಸನೆ ಹಿಡಿಸದೆ ಇರಲಿಲ್ಲ. ಮೊದಲ ಮಳೆಗೆ ಕಿಟಕಿ ತೆರೆದು ಆಹಾ ಎನ್ನುವವರು ಅವರೇ. ಅವರಿಗೆ ಹಿಡಿಸದ್ದು ಅದು ದುಡಿಯುವ ಮೈಮೇಲೆ ಇದ್ದದ್ದು. ವಾಸನೆಯನ್ನು ಹೊತ್ತ ಮೈ ಯಾರದೆಂಬುದರ ಮೇಲೆ ತೀರ್ಪು ನಿಂತಿದೆ. ಸುಗಂಧ ‘ಕಷ್ಟ’ ಎಂಬ ಮಾತಿನ ಒಳಗೆ ಎಷ್ಟೋ ಸಲ ಅಡಗಿರುವುದು ಕೂಲಿಯವರಂತೆ, ಒಲೆಯ ಮುಂದಿನವರಂತೆ ನಾತ ಬಂದೀತು ಎಂಬ ಅಂಜಿಕೆ. ನಾಲ್ಕು ಕಾಸು ಕಂಡ ಮೇಲೆ ಮೊದಲು ತೊಳೆದುಕೊಂಡದ್ದು ಈ ವಾಸನೆಯನ್ನೇ ಆಗಿದ್ದರಿಂದ, ಅದು ಮರಳಿ ಮೈಗೆ ಹತ್ತುವುದು ಹಿಂದಕ್ಕೆ ಜಾರಿದಂತೆ ಕಾಣುತ್ತದೆ. ತೊಳೆದುಕೊಂಡವರನ್ನು ಇದಕ್ಕಾಗಿ ಹಳಿಯಬೇಕಿಲ್ಲ, ಅವರಿಗೆ ಅವಮಾನದ ಲೆಕ್ಕ ಗೊತ್ತಿದೆ. ಒಲೆಯ ಹೊಗೆ ಎಂದೂ ಕಟ್ಟಿಕೊಳ್ಳದ ಮಹಾನಗರದ ಮೂಗುಗಳಿಗೆ ಇಂಥ ಸುಗಂಧ ಸಾಹಸವೆನಿಸುವುದೂ, ರಾಯಚೂರಿನ ಮಧ್ಯಮ ವರ್ಗಕ್ಕೆ ಅದೇ ಮುಜುಗರವೆನಿಸುವುದೂ ಒಂದೇ ಕಾರಣಕ್ಕೆ. ಹೊಗೆಯಿಂದ ಯಾರು ಎಷ್ಟು ದೂರ ಬಂದಿದ್ದಾರೆ ಎಂಬುದು ಇಬ್ಬರನ್ನೂ ಬೇರೆ ಬೇರೆ ದಿಕ್ಕಿಗೆ ಎಳೆಯುತ್ತದೆ.

ಮೂರು ನಾಲ್ಕು ಗಂಟೆ ಕಾಯಿರಿ, ಹಿಡಿಸುತ್ತದೆ ಎನ್ನುವುದು ಮೋಸ, ಅಷ್ಟರಲ್ಲಿ ಮೂಗು ಸೋತು ವಾಸನೆಯೇ ತಿಳಿಯದಾಗಿರುತ್ತದೆ ಎಂಬುದು ಇನ್ನೊಂದು ತಕರಾರು. ಮೂಗು ಬೇಗ ಒಗ್ಗಿಹೋಗುವುದು ನಿಜ. ಅಕ್ಕಿ ಗಿರಣಿಯಲ್ಲಿ ದುಡಿಯುವವರಿಗೆ ಕುಚ್ಚಲಕ್ಕಿಯ ಹಬೆಯ ವಾಸನೆ ತಿಳಿಯುವುದಿಲ್ಲ. ಆದರೆ ಈ ಒಗ್ಗುವಿಕೆ ಉಳಿಯುವುದು ಆ ವಾಸನೆಯ ನಡುವೆ ಇರುವಷ್ಟು ಹೊತ್ತು ಮಾತ್ರ, ಬಯಲಿಗೆ ಹೋಗಿ ಬಂದರೆ ಮೂಗು ಮತ್ತೆ ಚುರುಕು. ಹೊರಗಿನಿಂದ ಬಂದ ಇನ್ನೊಬ್ಬರ ಮೂಗಿಗಂತೂ ಈ ಸೋಲು ಇರುವುದೇ ಇಲ್ಲ. ಸಂಜೆಗೆ ಅವರೂ ಗಂಧ, ಲೋಬಾನ ಎಂದು ಗುರುತಿಸಿದರೆ ಬದಲಾದದ್ದು ಸುಗಂಧವೇ. ಅವರೂ ಕಮರು ಎಂದರೆ ಆ ಸೀಸೆಯ ಸುಗಂಧ ನಿಜಕ್ಕೂ ಕೆಟ್ಟದ್ದು, ಅಂಥವೂ ಬೇಕಾದಷ್ಟಿವೆ. ಹೊಗೆ ಸುರಿದ ಮಾತ್ರಕ್ಕೆ ಸುಗಂಧ ಗಂಭೀರವಾಗುವುದಿಲ್ಲ.

ಉಳಿದದ್ದು ಆರೋಗ್ಯ ಮತ್ತು ದುಡ್ಡಿನ ಮಾತು. ಹೊಗೆಯ ಟಾರಿನಲ್ಲಿ ಕ್ಯಾನ್ಸರ್‌ಕಾರಕ ಅಂಶಗಳಿರುವುದರಿಂದ ಬರ್ಚ್, ಜುನಿಪರ್ ಮರಗಳ ಕಚ್ಚಾ ಟಾರನ್ನು ಸುಗಂಧದಲ್ಲಿ ಹಾಗೇ ಬಳಸುವುದನ್ನು ಅಂತರರಾಷ್ಟ್ರೀಯ ಸುಗಂಧ ಉದ್ಯಮದ ನಿಯಮಗಳು ತಡೆದಿವೆ. ಶುದ್ಧೀಕರಿಸಿದ ಎಣ್ಣೆಗೆ ಮಾತ್ರ, ಅದೂ ಮಿತಿಯೊಳಗೆ, ಅವಕಾಶ. ತಯಾರಕರ ಹೆಸರಿಲ್ಲದ ಸೀಸೆಯ ಬಗ್ಗೆ ಈ ಭರವಸೆ ಇರದು, ಆದ್ದರಿಂದ ಮೊದಲು ಮೊಣಕೈ ಒಳಮಡಿಕೆಗೆ ಸಾಸಿವೆಯಷ್ಟು ಹಚ್ಚಿ ಒಂದು ದಿನ ನೋಡುವುದು ಒಳ್ಳೆಯದು, ಕೂಸುಗಳ ಮೈಗಂತೂ ಬೇಡವೇ ಬೇಡ. ಗಂಧದೆಣ್ಣೆ ತುಟ್ಟಿಯಾದ ಮೇಲೆ ಅಗ್ಗದ ಅತ್ತರುಗಳ ತಳದಲ್ಲಿ ಪ್ಯಾರಾಫಿನ್ನಿನಂಥ ಎಣ್ಣೆಗಳು ಬಂದು ಕೂತಿವೆ. ಅಂಥದ್ದು ಮೈಮೇಲೆ ಜಿಡ್ಡಾಗಿ ಉಳಿಯುತ್ತದೆ, ಮೇಲೆ ಹೇಳಿದ ಬೂದಿ, ಬೇರು, ಅಂಟುಗಳ ಸರದಿ ಅದರಲ್ಲಿ ನಡೆಯುವುದೇ ಇಲ್ಲ. ಅತ್ತರಿನ ಅಂಗಡಿಯಲ್ಲಿ ಒಂದು ತೊಲ ಕೊಳ್ಳುವ ಮೊದಲು ಒಂದು ಹನಿ ಕೈಗೆ ಹಚ್ಚಿಸಿಕೊಂಡು ಬಜಾರಿನ ಉಳಿದ ಕೆಲಸಗಳಿಗೆ ಹೋಗಬೇಕು. ಬಿಸಿಲಲ್ಲಿ ಒಂದು ಸುತ್ತು, ನೆರಳಲ್ಲಿ ಒಂದು ಸುತ್ತು. ಕೊಳ್ಳುವುದೋ ಬಿಡುವುದೋ ಎಂಬುದನ್ನು ಅಂಗಡಿ ಮುಚ್ಚುವ ಹೊತ್ತಿಗೆ ತೀರ್ಮಾನಿಸಿದರೂ ತಡವಾಗುವುದಿಲ್ಲ. ಬೇಸಿಗೆಗಿಂತ ಇದಕ್ಕೆ ಡಿಸೆಂಬರ್, ಜನವರಿ ವಾಸಿ. ಆಗ ಮೈ ಗಾಳಿಗಿಂತ ಬೆಚ್ಚಗಿರುತ್ತದೆ, ಹೊಗೆ ಅವಸರ ಮಾಡುವುದಿಲ್ಲ.